ಕಟ್ಟೆ ಯಾರ ಎತ್ತರಕ್ಕೆ?

ಮಾಡ್ಯುಲರ್ ಕಿಚನ್ ಮಾಡಿಸೋಕೆ ಹೊರಟವರನ್ನ ಡಿಸೈನರ್‌ಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಜೆಟ್ ಎಷ್ಟು? ಎಲ್ ಶೇಪಾ, ಪ್ಯಾರಲಲ್ಲಾ? ಲ್ಯಾಮಿನೇಟಾ, ಅಕ್ರಿಲಿಕ್ಕಾ? ಗ್ಲಾಸಿನಾ, ಮ್ಯಾಟಾ? ವಾಸ್ತು ನೋಡ್ತೀರಾ, ಒಲೆ ಆಗ್ನೇಯಕ್ಕೇ ಬರ್ಬೇಕಾ? ಚಿಮಣಿ ಬೇಕಾ? ಡ್ರಾಯರ್‌ಗಳು ಸಾಫ್ಟ್ ಕ್ಲೋಸ್ ಇರಲಾ? ನಾವು ಮೂರು ಕಡೆ ಕೊಟೇಶನ್ ತಗೊಂಡ್ವಿ. ಒಬ್ಬರು ಲ್ಯಾಪ್‌ಟಾಪಲ್ಲಿ ತ್ರೀಡಿ ಚಿತ್ರವನ್ನೂ ತೋರಿಸಿದರು. ಹೊಳೆಯುವ ಕಟ್ಟೆ, ಕಟ್ಟೆ ಮೇಲೆ ಒಂದು ಬುಟ್ಟಿ ನಿಂಬೆಹಣ್ಣು, ಕಿಟಕಿಯಿಂದ ಬೀಳುವ ಬಿಸಿಲು. ಎಲ್ಲಾ ಇತ್ತು, ಮನುಷ್ಯರು ಮಾತ್ರ ಇರಲಿಲ್ಲ. ಮೂವರೂ ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಇಲ್ಲಿ ನಿಂತು ಅಡುಗೆ ಮಾಡೋರು ಯಾರು?

ಇದೇನು ಅಂಥಾ ದೊಡ್ಡ ಪ್ರಶ್ನೆ ಅಂತ ನಿಮಗೆ ಅನ್ನಿಸಬಹುದು. ಕಾರ್ ತಗೊಳ್ಳುವಾಗ ಡ್ರೈವ್ ಮಾಡೋರು ಯಾರು ಅಂತ ಕೇಳಿದ ಹಾಗೆ, ಒಂದು ಸಣ್ಣ ವ್ಯವಹಾರದ ಪ್ರಶ್ನೆ ಅಷ್ಟೇ ಅಂತ. ಆದರೆ ಕಾರಿನ ಸೀಟನ್ನು ಹಿಂದೆ ಮುಂದೆ ಸರಿಸಬಹುದು. ಗ್ರಾನೈಟ್ ಕಟ್ಟೆಯನ್ನು ಸರಿಸೋಕಾಗಲ್ಲ. ಒಂದು ಸಲ ಕೂರಿಸಿದರೆ ಹತ್ತು ಹದಿನೈದು ವರ್ಷ ಅದು ಅಲ್ಲೇ, ಅಷ್ಟೇ ಎತ್ತರದಲ್ಲಿ ಇರುತ್ತೆ. ಆ ಹದಿನೈದು ವರ್ಷ ಯಾರ ಬೆನ್ನು ಬಗ್ಗಬೇಕು, ಯಾರ ಕೈ ಎಟುಕಬಾರದು, ಯಾರು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಯಾರು ಸೋಫಾದಲ್ಲಿ ಕೂತು 'ಕಾಫಿ ಆಯ್ತಾ?' ಅಂತ ಕೇಳಬಹುದು, ಇದೆಲ್ಲ ಆ ಒಂದು ಡ್ರಾಯಿಂಗಲ್ಲೇ ತೀರ್ಮಾನ ಆಗಿರುತ್ತೆ. ಯಾರೂ ಬಾಯಿಬಿಟ್ಟು ಹೇಳದ ತೀರ್ಮಾನ. ಹಾಗಾಗಿಯೇ ಅಡುಗೆಮನೆ ಮಾಡಿಸೋದು ನನಗೆ ಬಣ್ಣ, ಮೆಟೀರಿಯಲ್‌ಗಳ ವಿಷಯಕ್ಕಿಂತ ಹೆಚ್ಚಾಗಿ ನ್ಯಾಯದ ವಿಷಯ ಅನ್ನಿಸೋದು.

ಮೊದಲು ಬರೀ ಲೆಕ್ಕ ನೋಡೋಣ. ನಿಂತು ತರಕಾರಿ ಹೆಚ್ಚೋಕೆ ಕಟ್ಟೆ ನಮ್ಮ ಮೊಣಕೈಗಿಂತ ಮೂರ್ನಾಲ್ಕು ಇಂಚು ಕೆಳಗಿದ್ದರೆ ಹಿತ. ಸ್ಟವ್ ಇಡುವ ಕಟ್ಟೆ ಇನ್ನೂ ಸ್ವಲ್ಪ ಕೆಳಗಿರಬೇಕು. ಯಾಕಂದ್ರೆ ಸ್ಟವ್‌ನ ಎತ್ತರ, ಅದರ ಮೇಲೆ ಕುಕ್ಕರಿನ ಎತ್ತರ ಎರಡೂ ಸೇರಿಕೊಳ್ಳುತ್ತೆ, ಹುಳಿ ಕುದೀತಾ ಇದೆಯಾ ಅಂತ ಬಗ್ಗಿ ನೋಡಬೇಕು, ಮುದ್ದೆ ತೊಳಸೋಕೆ ಮೇಲಿಂದ ಬಲ ಬಿಡಬೇಕು. ಸಿಂಕ್ ಇದಕ್ಕೆ ಉಲ್ಟಾ. ಅದರ ತಳ ಕಟ್ಟೆಗಿಂತ ಎಂಟು ಹತ್ತು ಇಂಚು ಕೆಳಗಿರೋದರಿಂದ ಸಿಂಕ್ ಇರೋ ಕಡೆ ಕಟ್ಟೆ ಎತ್ತರ ಆಗಬೇಕು. ಅಂದರೆ ಒಬ್ಬರೇ ಅಡುಗೆ ಮಾಡುವ ಮನೆಯಲ್ಲೂ ಒಂದೇ ಎತ್ತರದ ಕಟ್ಟೆ ಮೂರು ಕೆಲಸಕ್ಕೆ ಸರಿಹೋಗಲ್ಲ.

ಇನ್ನು ನಮ್ಮ ಮನೆ ನೋಡಿ. ನನ್ನ ಗಂಡ ಐದಡಿ ಹನ್ನೊಂದು ಇಂಚು. ನಾನು ಐದಡಿ ನಾಲ್ಕು. ಅತ್ತೆ ನಾಲ್ಕಡಿ ಹತ್ತು. ಪಾತ್ರೆ ತೊಳೆಯೋಕೆ ಬರುವ ಅಕ್ಕ ಹತ್ತಿರಹತ್ತಿರ ಐದಡಿ. ಮೊಣಕೈ ಲೆಕ್ಕ ಹಾಕಿದರೆ ತರಕಾರಿ ಹೆಚ್ಚೋಕೆ ಅತ್ತೆಗೆ 32-33 ಇಂಚಿನ ಕಟ್ಟೆ ಬೇಕು, ಗಂಡನಿಗೆ 40ರ ಹತ್ತಿರ. ಡಿಸೈನರ್ ಹೇಳಿದ 'ಸ್ಟ್ಯಾಂಡರ್ಡ್' 34. ನಮ್ಮಲ್ಲಿ ಯಾರ ಮೊಣಕೈಯೂ ಆ ಸ್ಟ್ಯಾಂಡರ್ಡಿಗೆ ಹೊಂದಲ್ಲ! ಸ್ಟ್ಯಾಂಡರ್ಡ್ ಅನ್ನೋ ಪದ ಕೇಳಿದ ತಕ್ಷಣ ನಾವು ಸುಮ್ಮನಾಗ್ತೀವಿ, ಅದು ಯಾವುದೋ ವಿಜ್ಞಾನದಿಂದ ಬಂದಿದೆ ಅಂದ್ಕೊಳ್ತೀವಿ. ಆದರೆ ಪ್ರತಿ ಸ್ಟ್ಯಾಂಡರ್ಡ್ ಹಿಂದೆ ಒಬ್ಬ ಕಾಲ್ಪನಿಕ ವ್ಯಕ್ತಿ ನಿಂತಿರ್ತಾಳೆ. 'ಳೆ' ಅಂತ ಬೇಕಂತಲೇ ಬರೆದೆ.

ಆ ಕಾಲ್ಪನಿಕ ವ್ಯಕ್ತಿಯ ಚರಿತ್ರೆ ಸ್ವಾರಸ್ಯವಾಗಿದೆ. ಇವತ್ತು ನಾವು ಮಾಡ್ಯುಲರ್ ಕಿಚನ್ ಅಂತ ಕರೆಯೋದರ ಅಜ್ಜಿ ಹುಟ್ಟಿದ್ದು 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದು ಮನೆಗಳಿಗೆ ಹಾಹಾಕಾರ ಇದ್ದ ಕಾಲ. ಎರ್ನ್ಸ್ಟ್ ಮೇ ಅನ್ನುವ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಅಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಮನೆ ಕಟ್ಟುತ್ತಿದ್ದರು. ಆ ಮನೆಗಳ ಅಡುಗೆಕೋಣೆಯನ್ನು ವಿನ್ಯಾಸ ಮಾಡಿದವರು ಆಸ್ಟ್ರಿಯಾದ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಪುಟ್ಟ ಕೋಣೆ. ರೈಲಿನ ಊಟದ ಡಬ್ಬಿಯ ಅಡುಗೆಮನೆ ನೋಡಿ, ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯುವ ಪದ್ಧತಿ ನೋಡಿ, ಹೆಜ್ಜೆ ಹೆಜ್ಜೆ ಲೆಕ್ಕ ಹಾಕಿ ಮಾಡಿದ್ದು. ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು, ಗೋಡೆಯಿಂದ ಕೆಳಗೆ ಮಡಚಿಕೊಳ್ಳುವ ಇಸ್ತ್ರಿ ಹಲಗೆ, ಕಿಟಕಿ ಪಕ್ಕ ಕೂತು ಕೆಲಸ ಮಾಡೋಕೆ ತಿರುಗುವ ಸ್ಟೂಲು. ಅಂಥಾ ಸುಮಾರು 10,000 ಅಡುಗೆಮನೆ ಆ ಊರಲ್ಲಿ ಕಟ್ಟಿದರು.

ಶುಟ್ಟೆ-ಲಿಹೋಟ್ಸ್‌ಕಿಯವರ ಉದ್ದೇಶದ ಬಗ್ಗೆ ಅನುಮಾನವೇ ಬೇಡ. ಹೆಣ್ಣುಮಕ್ಕಳು ಹೊರಗೆ ದುಡಿಯುವ ಕಾಲ ಬಂದಿದೆ, ಮನೆಗೆಲಸ ಬೇಗ ಮುಗಿದರೆ ಅವರಿಗೆ ಉಸಿರಾಡೋಕೆ ಸಮಯ ಸಿಗುತ್ತೆ ಅನ್ನೋದು ಅವರ ನಂಬಿಕೆ. ಸ್ವಂತ ಬದುಕಲ್ಲೂ ಗಟ್ಟಿಗಿತ್ತಿ. ಹಿಟ್ಲರನ ವಿರುದ್ಧ ಕೆಲಸ ಮಾಡಿ 1941ರಲ್ಲಿ ಬಂಧನಕ್ಕೊಳಗಾಗಿ ವರ್ಷಗಟ್ಟಲೆ ಜೈಲಲ್ಲಿದ್ದವರು. ಅವರೇ ಮುಂದೆ ಹೇಳಿಕೊಂಡ ಒಂದು ಮಾತು ಬಹಳ ಪ್ರಸಿದ್ಧ: ಆ ಅಡುಗೆಮನೆ ವಿನ್ಯಾಸ ಮಾಡುವ ಮುಂಚೆ ಅವರು ಸಂಸಾರ ನಡೆಸಿದವರಲ್ಲ, ಅಡುಗೆ ಮಾಡಿದವರೂ ಅಲ್ಲ.

ಆದರೆ ಅಳತೆಯನ್ನು ಮತ್ತೆ ನೋಡಿ. ಎರಡು ಮೀಟರೂ ಇಲ್ಲದ ಅಗಲ. ಎರಡೂ ಕಡೆ ಕಟ್ಟೆ, ಬೀರು. ನಡುವೆ ಒಬ್ಬರು ನಿಲ್ಲಬಹುದು. ಇಬ್ಬರು ನಿಂತರೆ ಒಬ್ಬರಿಗೊಬ್ಬರು ಅಡ್ಡ. ಹೆಜ್ಜೆ ಕಮ್ಮಿಯಾಯಿತು, ಕೆಲಸ ಬೇಗ ಆಯಿತು, ಎಲ್ಲ ನಿಜ. ಜೊತೆಗೆ ಇನ್ನೊಂದೂ ಆಯಿತು: ಸಹಾಯ ಮಾಡೋಕೆ ಬಂದವರಿಗೆ ನಿಲ್ಲೋಕೆ ಜಾಗ ಇಲ್ಲದ ಹಾಗಾಯಿತು. ಅದಕ್ಕೂ ಮುಂಚೆ ಎಷ್ಟೋ ಕೂಲಿಕಾರರ ಮನೆಗಳಲ್ಲಿ ಅಡುಗೆ, ಊಟ, ಮಾತು ಎಲ್ಲ ಒಂದೇ ಕೋಣೆಯಲ್ಲಿ ನಡೀತಿತ್ತು. ಈಗ ಅಡುಗೆ ಮಾಡುವಾಕೆ ಒಂದು ಕಡೆ, ಮನೆಯವರೆಲ್ಲ ಇನ್ನೊಂದು ಕಡೆ. ದಕ್ಷತೆ ಅನ್ನೋದು ಕೆಲಸವನ್ನು ಹಗುರ ಮಾಡಿತು, ಹಂಚಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಈ ಬರಹದ ತಿರುಳು ಅಂತ ಬೇಕಾದರೆ ಅಂದ್ಕೊಳ್ಳಿ.

ಇದೇ ಕಥೆ ಮುಂದಿನ ಅಧ್ಯಾಯದಲ್ಲೂ ಇದೆ. ಎಲ್ಲ ಇಂಟೀರಿಯರ್ ಡಿಸೈನರ್‌ಗಳೂ ಮಂತ್ರದ ಥರ ಹೇಳುವ 'ವರ್ಕ್ ಟ್ರಯಾಂಗಲ್' ಇದೆಯಲ್ಲ, ಒಲೆ, ಸಿಂಕ್, ಫ್ರಿಜ್ ಮೂರನ್ನೂ ಸೇರಿಸುವ ತ್ರಿಕೋನ, ಅದು ಬೆಳೆದದ್ದು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಮೂರೂ ಬದಿ ಸೇರಿ 13ರಿಂದ 26 ಅಡಿ ಒಳಗಿರಬೇಕು ಅಂತ ನಿಯಮ. ಉಪಯೋಗದ ನಿಯಮವೇ. ಆದರೆ ಆ ತ್ರಿಕೋನದೊಳಗೆ ಓಡಾಡೋದು ಒಬ್ಬರೇ ಅಂತ ಅದು ಊಹಿಸಿಕೊಂಡಿದೆ. ಇಬ್ಬರು ಅಡುಗೆ ಮಾಡುವ ಮನೆಯಲ್ಲಿ ತ್ರಿಕೋನ ಎರಡಾಗುತ್ತೆ, ಒಂದನ್ನೊಂದು ಕತ್ತರಿಸುತ್ತೆ, ಫ್ರಿಜ್ ಬಾಗಿಲು ತೆಗೆದರೆ ಇನ್ನೊಬ್ಬರ ಬೆನ್ನಿಗೆ ತಾಗುತ್ತೆ.

ಮಷೀನುಗಳು ಬಂದ್ವಲ್ಲ, ಕೆಲಸ ಎಲ್ಲಿದೆ ಈಗ ಅಂತ ಕೇಳೋರಿದ್ದಾರೆ. ರೂತ್ ಶ್ವಾರ್ಟ್ಸ್ ಕೋವನ್ ಅನ್ನುವ ಇತಿಹಾಸಕಾರ್ತಿ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಅಂತ ಒಂದು ಪುಸ್ತಕ ಬರೆದರು. ಅಮೆರಿಕದ ಮನೆಗಳಿಗೆ ಒಂದೊಂದೇ ಯಂತ್ರ ಬಂದ ಹಾಗೆ ಹೆಂಗಸರ ಕೆಲಸದ ಗಂಟೆಗಳು ನಿರೀಕ್ಷಿಸಿದಷ್ಟು ಕಮ್ಮಿಯಾಗಲಿಲ್ಲ, ಬದಲಿಗೆ ಮನೆಯವರ ನಿರೀಕ್ಷೆ ಬೆಳೆಯಿತು, ಬೇರೆಯವರು ಮಾಡ್ತಿದ್ದ ಕೆಲಸವೂ ಅವರ ಮೇಲೇ ಬಿತ್ತು ಅನ್ನೋದು ಅವರ ವಾದ. ನಮಗೆ ಇದನ್ನು ಅರ್ಥ ಮಾಡ್ಕೊಳ್ಳೋಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಒರಳಲ್ಲಿ ರುಬ್ಬುವ ಕಾಲದಲ್ಲಿ ದೋಸೆ ಇದ್ದದ್ದು ಹಬ್ಬಕ್ಕೋ ಭಾನುವಾರಕ್ಕೋ. ಗ್ರೈಂಡರ್ ಬಂತು, ವಾರಕ್ಕೆ ಮೂರು ದಿನ ದೋಸೆ. ಮಿಕ್ಸಿ ಬಂತು, ಹೊತ್ತಿಗೊಂದು ಬಿಸಿ ಚಟ್ನಿ. ತೋಳಿಗೆ ಆರಾಮಾಯ್ತು, ನಿಜ. ಗಡಿಯಾರಕ್ಕೆ ಆಗಲಿಲ್ಲ.

ನಮ್ಮ ದೇಶದ ಲೆಕ್ಕವೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಇದು 'ಮಾಡುವವರ' ಲೆಕ್ಕ ಅನ್ನೋದನ್ನು ಗಮನಿಸಿ. ದಿನದಲ್ಲಿ ಒಂದಿಷ್ಟಾದರೂ ಮನೆಗೆಲಸ ಮಾಡಿದ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1. ವಿಚಿತ್ರ ಅಂದ್ರೆ ನಮ್ಮ ಕಥೆಗಳಲ್ಲಿ ಮಹಾನ್ ಅಡುಗೆಯವರೆಲ್ಲ ಗಂಡಸರೇ. ರುಚಿಯಾಗಿದ್ರೆ ನಳಪಾಕ ಅಂತೀವಿ, ಭೀಮಪಾಕ ಅಂತೀವಿ. ಮದುವೆಮನೆಯ ಅಡುಗೆ ಭಟ್ಟರು ಗಂಡಸರು, ಹೋಟೆಲಿನ ದೋಸೆ ಹಾಕೋರು ಗಂಡಸರು. ಹೆಸರು, ದುಡ್ಡು ಎರಡೂ ಬರುವ ಕಡೆ ಸೌಟು ಒಬ್ಬರ ಕೈಲಿ. ಬರೀ ಊಟ ಆಗಬೇಕಾದ ಕಡೆ ಇನ್ನೊಬ್ಬರ ಕೈಲಿ.

ಇಷ್ಟು ಹೇಳಿದರೆ ಉತ್ತರ ಸುಲಭ ಅನ್ನಿಸುತ್ತೆ. ಅಡುಗೆ ಒಂದು ಹೊರೆ, ಆ ಹೊರೆಯನ್ನು ಹೆಂಗಸರ ತಲೆಯಿಂದ ಇಳಿಸಬೇಕು, ಮುಗೀತು. ಅಷ್ಟು ಸುಲಭ ಅಲ್ಲ ಅಂತ ಗೊತ್ತಾಗಿದ್ದು ಅತ್ತೆ ನಮ್ಮ ಜೊತೆ ಇರೋಕೆ ಬಂದಾಗ.

ಮಾವ ತೀರಿಕೊಂಡ ಮೇಲೆ ಅತ್ತೆ ಹಾಸನದ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬಂದರು. ಅರವತ್ತೆಂಟು ವರ್ಷ. ಮಂಡಿನೋವು. ನಾವು ತಗೊಂಡಿದ್ದು ಹದಿನೈದು ವರ್ಷ ಹಳೇ ಫ್ಲ್ಯಾಟು, ಅಡುಗೆಮನೆ ಎಂಟಡಿಗೆ ಏಳಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ 5 ಚದರ ಮೀಟರ್‌ಗಿಂತ ಒಂದು ಕೂದಲೆಳೆ ಜಾಸ್ತಿ. ಎಲ್ಲ ಕಿತ್ತು ಹೊಸದಾಗಿ ಮಾಡಿಸಲೇಬೇಕಿತ್ತು. ಹೇಗೂ ಮಾಡಿಸ್ತಾ ಇದೀವಿ, ಅತ್ತೆಗೆ ಅನುಕೂಲ ಆಗೋ ಹಾಗೆ ಮಾಡಿಸೋಣ ಅಂತ ನಾನೂ ನನ್ನ ಗಂಡನೂ ಮಾತಾಡಿಕೊಂಡ್ವಿ. ಕಟ್ಟೆ ಸ್ವಲ್ಪ ತಗ್ಗಿಗೆ, ಡಬ್ಬಗಳು ಕೈಗೆ ಸಿಗೋ ಹಾಗೆ. ಅತ್ತೆಯ ಹತ್ತಿರ ಡ್ರಾಯಿಂಗ್ ಹಿಡಿದು ಹೋಗಿ 'ಅತ್ತೆ, ನಿಮಗೆ ಹೇಗೆ ಬೇಕು ಹೇಳಿ, ಹಾಗೇ ಮಾಡಿಸ್ತೀವಿ' ಅಂದೆ.

ಅವರು ಕನ್ನಡಕ ಹಾಕ್ಕೊಂಡು ಡ್ರಾಯಿಂಗ್ ನೋಡಿದರು. ಆಮೇಲೆ ಮಡಚಿ ಪಕ್ಕಕ್ಕಿಟ್ಟು ಹೇಳಿದರು: 'ಅಡುಗೆಮನೆ ಹೆಂಗಾದ್ರೂ ಇರ್ಲಿ ಕಣಮ್ಮ. ನಾನು ಅಡುಗೆ ಮಾಡ್ಬೇಕೋ ಬೇಡ್ವೋ, ಅದನ್ನ ಮೊದ್ಲು ಹೇಳು.'

ಈ ಪ್ರಶ್ನೆಗೆ ಇರುವ ಉತ್ತರಗಳನ್ನು ಒಂದೊಂದಾಗಿ ನೋಡಿ. 'ಮಾಡಬೇಕು' ಅಂದರೆ ಅರವತ್ತೆಂಟರ ಹೆಂಗಸಿಗೆ ಸಂಬಳವಿಲ್ಲದ ಕೆಲಸ ಕೊಟ್ಟ ಹಾಗೆ. ಬೆಂಗಳೂರಲ್ಲಿ ಎಷ್ಟು ಮನೆಗಳಲ್ಲಿ ಇದು ನಡೀತಿದೆ ಅಂತ ನಿಮಗೇ ಗೊತ್ತು. ಊರಿಂದ ಅಮ್ಮ ಬರ್ತಾರೆ, 'ಅಮ್ಮನ ಕೈ ರುಚಿ' ಅಂತ ಹಾಡಿ ಹೊಗಳ್ತೀವಿ, ನಾವಿಬ್ಬರೂ ಆಫೀಸಿಗೆ ಹೋಗ್ತೀವಿ. ಹೊಗಳಿಕೆಗೆ ಖರ್ಚಿಲ್ಲ ನೋಡಿ. 'ಬೇಡ, ನೀವು ಆರಾಮಾಗಿರಿ' ಅಂದರೆ? ನಲವತ್ತೇಳು ವರ್ಷ ಅವರ ಮಾತು ನಡೆದಿದ್ದ ಜಾಗ ಯಾವುದಾದರೂ ಇದ್ದರೆ ಅದು ಅಡುಗೆಮನೆ ಒಂದೇ. ಹೊಲದ ವಿಷಯ, ದುಡ್ಡಿನ ವಿಷಯ, ಮಕ್ಕಳ ಓದಿನ ವಿಷಯ ಬೇರೆಯವರು ತೀರ್ಮಾನ ಮಾಡ್ತಿದ್ರು. ಇವತ್ತು ಏನು ಬೇಯುತ್ತೆ, ಯಾರಿಗೆ ಎಷ್ಟು ಬಡಿಸಬೇಕು ಅನ್ನೋದು ಅವರದ್ದು. ಬಡಿಸೋರು ನಮ್ಮೋರಾದ್ರೆ ಪಂಕ್ತಿಯಲ್ಲಿ ಎಲ್ಲಿ ಕೂತರೇನು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ, ಸೌಟಿನಲ್ಲಿ ಅಧಿಕಾರ ಇದೆ. ಆ ಒಂದು ಜಾಗವನ್ನೂ 'ಆರಾಮ'ದ ಹೆಸರಲ್ಲಿ ಕಿತ್ಕೊಂಡರೆ, ಬೇರೆಯವರ ಮನೆಗೆ ಬಂದ ನೆಂಟರ ಥರ ಟೀವಿ ಮುಂದೆ ಕೂರಿಸಿದ ಹಾಗಾಗುತ್ತೆ.

ಮೂರನೇ ಉತ್ತರ ಒಂದಿದೆ: 'ನಿಮ್ಮಿಷ್ಟ ಅತ್ತೆ.' ಕೇಳೋಕೆ ಬಹಳ ಉದಾರ. ನನ್ನ ಪ್ರಕಾರ ಮೂರರಲ್ಲಿ ಇದೇ ಕೆಟ್ಟದ್ದು. ನಮ್ಮ ಕುಟುಂಬಗಳಲ್ಲಿ ದೊಡ್ಡ ಹೆಂಗಸರ 'ಇಷ್ಟ' ಅನ್ನೋದು ಯಾವಾಗಲೂ ಬೇರೆಯವರ ಅಗತ್ಯಕ್ಕೆ ಸರಿಯಾಗಿ ಹೊಂದಿಕೊಂಡೇ ಬಂದಿರುತ್ತೆ. 'ನನಗೆ ಅಡುಗೆ ಮಾಡೋದಂದ್ರೆ ಇಷ್ಟ' ಅಂತ ಅವರೇ ಹೇಳ್ತಾರೆ, ನಾವು ನಿರಾಳವಾಗಿ ನಂಬ್ತೀವಿ. ಬೇಡ ಅನ್ನೋಕೆ ನಿಜವಾಗಿ ಅವಕಾಶ ಇಲ್ಲದ ಕಡೆ ಇಷ್ಟ ಕೇಳೋದು ಅಂದ್ರೆ ಜವಾಬ್ದಾರಿಯನ್ನು ಅವರ ತಲೆಗೆ ಕಟ್ಟಿ ಕೈ ತೊಳ್ಕೊಂಡ ಹಾಗೆ.

ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಸ್ಪಷ್ಟ ಆಯಿತು. 'ನಿಮಗೆ ಅನುಕೂಲ ಆಗಲಿ ಅಂತ' ಅನ್ನುವ ಮಾತಲ್ಲಿ ಯಾವಾಗಲೂ ಎರಡು ಅರ್ಥ ಇರುತ್ತೆ. ಒಂದು, ನಿನ್ನ ಕಷ್ಟ ಕಮ್ಮಿಯಾಗಲಿ. ಇನ್ನೊಂದು, ಈ ಕೆಲಸ ನಿನ್ನದೇ. ಹೆಂಡತಿಯ ಹುಟ್ಟುಹಬ್ಬಕ್ಕೆ ಗಂಡ ಮಿಕ್ಸಿ ತಂದುಕೊಟ್ಟರೆ ನಮಗೆ ನಗು ಬರೋದು ಯಾಕೆ? ಈ ಎರಡನೇ ಅರ್ಥ ಕಾಣಿಸೋದರಿಂದ. ಬರೀ ಅತ್ತೆಯ ಎತ್ತರಕ್ಕೆ ಕಟ್ಟಿದ ಕಟ್ಟೆ, ನನ್ನ ಗಂಡನಿಗೆ ಸಿಕ್ಕ ರಜಾಚೀಟಿಯೂ ಹೌದು. 'ನಂಗೆ ಅಲ್ಲಿ ನಿಂತ್ರೆ ಬೆನ್ನು ನೋವು ಬರುತ್ತಪ್ಪಾ' ಅಂತ ಅವರು ಹೇಳಿದರೆ ಅದು ಸುಳ್ಳಲ್ಲ. ಕಟ್ಟೆಯೇ ಅವರ ಪರ ಸಾಕ್ಷಿ ಹೇಳುತ್ತೆ.

ಹಾಗಾದರೆ ಒಳ್ಳೇ ಅಡುಗೆಮನೆ ಯಾವುದು? ನಾನು ಮುಟ್ಟಿದ ತೀರ್ಮಾನ ಇಷ್ಟು: ಯಾರು ಬೇಕಾದರೂ ಒಳಗೆ ಬಂದು ಕೆಲಸ ಶುರು ಮಾಡಬಹುದಾದ, ಮತ್ತು ಯಾರು ಬೇಕಾದರೂ ಅರ್ಧಕ್ಕೆ ಬಿಟ್ಟು ಹೊರಗೆ ಹೋಗಬಹುದಾದ ಅಡುಗೆಮನೆ. ಮೊದಲನೆಯದು ಹಕ್ಕು, ಎರಡನೆಯದು ಬಿಡುಗಡೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಒಳಗಿರುವಾಕೆ ರಾಣಿಯೂ ಹೌದು, ಕೈದಿಯೂ ಹೌದು.

ಇದು ಬರೀ ಮಾತಲ್ಲ, ಇದನ್ನು ಇಂಚಿನಲ್ಲಿ ಬರೆಯಬಹುದು. 'ಉಪ್ಪು ಎಲ್ಲಿದೆ?' ಅನ್ನುವ ಪ್ರಶ್ನೆಯನ್ನೇ ತಗೊಳ್ಳಿ. ಹತ್ತು ವರ್ಷ ಅದೇ ಮನೆಯಲ್ಲಿರುವ ಗಂಡಸು ಅಡುಗೆಮನೆ ಬಾಗಿಲಲ್ಲಿ ನಿಂತು ಈ ಪ್ರಶ್ನೆ ಕೇಳ್ತಾನೆ. ಅಂದ್ರೆ ಆ ಮನೆಯ ಅಡುಗೆಯ ನಕ್ಷೆ ಒಬ್ಬರ ತಲೆಯಲ್ಲಿ ಮಾತ್ರ ಇದೆ. ಸಾಸಿವೆ ಮುಗೀತಾ ಬಂದಿದೆ, ಕಡಲೆಬೇಳೆಗೆ ಹುಳ ಬಿದ್ದಿದೆ, ಗ್ಯಾಸ್ ಬುಕ್ ಮಾಡಬೇಕು, ನಾಳೆಗೆ ಕಾಳು ನೆನೆಹಾಕಬೇಕು, ಎಲ್ಲ ಆ ಒಂದು ತಲೆಯಲ್ಲಿ. ಆಕೆ ಎರಡು ದಿನ ಊರಿಗೆ ಹೋದರೆ ಮನೆ ನಿಂತುಹೋಗುತ್ತೆ, ಹಾಗಾಗಿ ಆಕೆ ಹೋಗೋದೇ ಇಲ್ಲ. ಹೊರಗಿಂದ ಒಂದೇ ಥರ ಕಾಣುವ, ಮುಚ್ಚಿದರೆ ಹಿಡಿಕೆ ಕೂಡ ಕಾಣದ ಬಿಳೀ ಕಪಾಟುಗಳು ಫೋಟೋಗೆ ಚೆನ್ನ. ಆದರೆ ಈ ಗುಟ್ಟನ್ನು ಅವು ಇನ್ನಷ್ಟು ಗಟ್ಟಿ ಮಾಡ್ತವೆ. ಫ್ರಾಂಕ್‌ಫರ್ಟಿನ ಆ ಹೆಸರು ಬರೆದ ಡಬ್ಬಗಳನ್ನು ನಾವು ಸಂತೋಷವಾಗಿ ಕದ್ದೆವು. ದಿನಬಳಕೆಯ ಹದಿನಾಲ್ಕು ಸಾಮಾನು ಎದುರಿಗೇ ಕಾಣುವ, ಅತ್ತೆಯ ಕೈಗೆ ಎಟುಕುವ ಒಂದೇ ಶೆಲ್ಫಿನಲ್ಲಿ, ಗಾಜಿನ ಡಬ್ಬದಲ್ಲಿ. ಎಷ್ಟು ಉಳಿದಿದೆ ಅಂತ ನಡೆದುಹೋಗೋರಿಗೂ ಕಾಣುತ್ತೆ. ಇನ್ನು ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳೋಹಾಗಿಲ್ಲ.

ಕಟ್ಟೆ ಎರಡು ಎತ್ತರದಲ್ಲಾಯಿತು. ಒಲೆ ಕಡೆ 32 ಇಂಚು, ಕಿಟಕಿ ಕಡೆ 36. ಗಂಡನಿಗೆ ಹೆಚ್ಚೋಕೆ ಮೂರಿಂಚು ದಪ್ಪದ ಮರದ ಮಣೆ, ಅದನ್ನ ಎತ್ತರದ ಕಡೆ ಇಟ್ಟರೆ ಅವರ ಬೆನ್ನಿನ ಸಾಕ್ಷಿ ಬಿದ್ದುಹೋಗುತ್ತೆ! ಗೋಡೆಗೆ ಮಡಚುವ ಒಂದು ಹಲಗೆ, ಕುರ್ಚಿ ಹಾಕಿ ಕೂತು ಸೊಪ್ಪು ಸೋಸೋಕೆ, ಅವರೆಕಾಯಿ ಬಿಡಿಸೋಕೆ. ಅತ್ತೆ ಬದುಕಿಡೀ ಈಳಿಗೆಮಣೆ ಮುಂದೆ ನೆಲದ ಮೇಲೆ ಕೂತು ಹೆಚ್ಚಿದವರು. ನಿಂತು ಅಡುಗೆ ಮಾಡೋದನ್ನೇ ಅವರು 'ಹೋಟ್ಲು ಥರ' ಅಂತಾರೆ. ಮಂಡಿ ನೆಲಕ್ಕೆ ಬಿಡಲ್ಲ, ಕುರ್ಚಿಗೆ ಬಿಡುತ್ತೆ. ದೊಡ್ಡ ಟಾಲ್ ಯೂನಿಟ್ ಒಂದನ್ನು ಕೈಬಿಟ್ಟಿದ್ದರಿಂದ ಇಬ್ಬರು ಬೆನ್ನಿಗೆ ಬೆನ್ನು ತಾಗದೆ ನಿಲ್ಲುವಷ್ಟು ಜಾಗ ಉಳಿಯಿತು. ಸ್ಟೋರೇಜ್ ಕಮ್ಮಿ ಆಗುತ್ತೆ ಮೇಡಂ ಅಂತ ಡಿಸೈನರ್ ಬೇಜಾರು ಮಾಡ್ಕೊಂಡರು. ಆಯಿತು. ಎರಡು ದೊಡ್ಡ ಡಬರಿ ಈಗ ಮಂಚದ ಕೆಳಗಿವೆ.

ಅತ್ತೆಯ ಪ್ರಶ್ನೆಗೆ ಉತ್ತರವನ್ನು ನಾವು ಮೂವರೂ ಕೂತು ಕಂಡುಕೊಂಡ್ವಿ. ಬೆಳಗಿನ ತಿಂಡಿ ಗಂಡನದು, ರಾತ್ರಿದು ನಂದು. ಮಧ್ಯಾಹ್ನದ್ದು ಅತ್ತೆಗೆ ಬೇಕಾದರೆ ಅವರು ಮಾಡಬಹುದು, ಆದರೆ ಅನ್ನ ಸಾರು ಬೆಳಗ್ಗೆಯೇ ಆಗಿರುತ್ತೆ. ಅಂದರೆ ಅವರು ಮಾಡದಿದ್ದರೆ ಯಾರೂ ಉಪವಾಸ ಬೀಳಲ್ಲ. 'ಇವತ್ತು ಆಗಲ್ಲ' ಅನ್ನೋಕೆ ಯಾರೂ ಕಾರಣ ಕೊಡಬೇಕಿಲ್ಲ. ನಿರಾಕರಿಸಿದರೂ ಏನೂ ಕೆಡಲ್ಲ ಅಂತ ಗೊತ್ತಿದ್ದಾಗ ಮಾತ್ರ 'ಇಷ್ಟ' ಅನ್ನುವ ಪದಕ್ಕೆ ಬೆಲೆ ಬರೋದು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಂದು ಸುಖೀ ಸಂಸಾರದ ಕಥೆ ಆಗುತ್ತಿತ್ತು. ಆದರೆ ಅಡುಗೆಮನೆ ಕಟ್ಟೆಗೆ ಮುಗಿಯಲ್ಲ, ಅದರ ಹಿಂದೆ ಒಂದು ಬಾಗಿಲಿದೆ. ಬಾಗಿಲಾಚೆ ಯುಟಿಲಿಟಿ.

ಬೆಂಗಳೂರಿನ ಫ್ಲ್ಯಾಟುಗಳ ಯುಟಿಲಿಟಿಯನ್ನು ಯಾರಾದರೂ ಸರಿಯಾಗಿ ಅಧ್ಯಯನ ಮಾಡಬೇಕು. ಹಳೇ ಮನೆಗಳಲ್ಲಿ ಅಡುಗೆಕೋಣೆ ದೇವರಮನೆಯ ಪಕ್ಕ, ಮಡಿಯ ಜಾಗ. ಮುಸುರೆ ಪಾತ್ರೆ ಹಿತ್ತಲಿಗೆ, ಬಾವಿಕಟ್ಟೆ ಹತ್ತಿರ, ಬೂದಿ ತೆಂಗಿನನಾರು ಹಾಕಿ ತಿಕ್ಕೋಕೆ. ತೊಳೆಯೋರು ಹಿತ್ತಲಿಂದ ಬಂದು ಹಿತ್ತಲಿಂದಲೇ ಹೋಗ್ತಿದ್ರು. ಈಗ ಮೂರನೇ ಮಹಡಿಯಲ್ಲಿ ಹಿತ್ತಲಿಲ್ಲ. ಆದರೆ ನಾಲ್ಕಡಿ ಅಗಲದ ಒಂದು ಹಿತ್ತಲನ್ನು ನಾವು ಲಿಫ್ಟಲ್ಲಿ ಮೇಲಕ್ಕೆ ತಗೊಂಡು ಬಂದಿದ್ದೀವಿ. ಮಡಿ ಅನ್ನುವ ಪದ ಬಿಟ್ಟಿದ್ದೀವಿ, ನಕ್ಷೆ ಬಿಟ್ಟಿಲ್ಲ. ನಾಲ್ಕು ಲಕ್ಷದ ಕಿಚನ್‌ನಲ್ಲಿ ಒಂದು ಚೆಂದದ ಸಿಂಕ್, ಹಣ್ಣು ತೊಳೆಯೋಕೆ, ಕಾಫಿ ಲೋಟ ತೊಳೆಯೋಕೆ. ನಿಜವಾದ ಪಾತ್ರೆಗಳಿಗೆ ಆಚೆ ಕಡೆ ನೆಲದ ಮೇಲೆ ಒಂದು ಮೂಲೆ, ಮಂಡಿ ಎತ್ತರದಲ್ಲಿ ಒಂದು ನಲ್ಲಿ.

ನಮ್ಮ ಫ್ಲ್ಯಾಟಲ್ಲೂ ಹೀಗೇ ಇತ್ತು. 'ಅದು ಕೆಲಸದೋರಿಗೆ ತಾನೇ ಮೇಡಂ, ಹಾಗೇ ಬಿಡೋಣ, ಬಜೆಟ್ ಉಳಿಯುತ್ತೆ' ಅಂದರು ಡಿಸೈನರ್. ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ದಿನಕ್ಕೆ ಒಂದು ಗಂಟೆ ಅಲ್ಲಿ ಕೆಲಸ ಮಾಡುವ ವ್ಯಕ್ತಿಯನ್ನು ಕೇಳೋಣ ಅನ್ನೋದು ಯಾರಿಗೂ ತೋಚಲ್ಲ ನೋಡಿ. ನಾನು ಕೇಳಿದಾಗ ಅಕ್ಕ ಮೊದಲು ನಕ್ಕರು. 'ನಂಗೇನ್ ಕೇಳ್ತೀರಾ ಅಕ್ಕಾ, ನಿಮ್ಮನೆ ನೀವ್ ಕಟ್ಟುಸ್ಕೊಳಿ' ಅಂದರು. ಮತ್ತೆ ಕೇಳಿದೆ. ನಿಂತು ತೊಳೆಯೋ ಸಿಂಕ್ ಕೇಳ್ತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು ಲೈಟು. 'ಬೆಳಿಗ್ಗೆ ಆರಕ್ಕೆ ಇಲ್ಲಿ ಏನೂ ಕಾಣಲ್ಲ. ಪಾತ್ರೆ ಜಿಡ್ಡು ಉಳುದ್ರೆ ನೀವೇ ಬೈತೀರಾ.' ಆಮೇಲೆ ಮಳೆ ಬಂದಾಗ ಬೆನ್ನ ಮೇಲೆ ಎರಚಲು ಹೊಡೆಯದ ಹಾಗೆ ಏನಾದರೂ. ಸಿಂಕ್ ಕೊನೆಗೆ ಬಂತು: ಎತ್ತರ ಇರಲಿ, ಆದರೆ ಆಳ ಜಾಸ್ತಿ ಬೇಡ, ಕುಕ್ಕರ್ ತೊಳೆಯೋಕೆ ಸೊಂಟ ಬಗ್ಗಿಸಬೇಕಾಗುತ್ತೆ.

ಮೊಣಕೈ ಲೆಕ್ಕವನ್ನೆಲ್ಲ ಓದಿ ನಾನು ತಿಳ್ಕೊಂಡಿದ್ದನ್ನು ಅವರು ಒಂದು ವಾಕ್ಯದಲ್ಲಿ ಹೇಳಿದರು. ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಆಯಿತು, ಕೊಟೇಶನ್‌ನಲ್ಲಿ ಸಾಫ್ಟ್ ಕ್ಲೋಸ್ ಡ್ರಾಯರ್‌ಗಳಿಗೆ ಹಾಕಿದ್ದ ಹೆಚ್ಚುವರಿಗಿಂತ ಕಮ್ಮಿ. ಡ್ರಾಯರ್‌ಗಳು ಈಗ ಸದ್ದು ಮಾಡ್ತವೆ, ಮಾಡಲಿ.

ಇದಕ್ಕೆ ನನ್ನ ಗಂಡ ಎತ್ತಿದ ಆಕ್ಷೇಪಣೆಯನ್ನು ಇಲ್ಲಿ ಹೇಳಲೇಬೇಕು, ಯಾಕಂದ್ರೆ ಅದು ಗಟ್ಟಿಯಾದ ಆಕ್ಷೇಪಣೆ. 'ಸಿಂಕ್ ಎತ್ತರ ಮಾಡಿ ಸಂಬಳ ಅಷ್ಟೇ ಇಟ್ರೆ, ಅದು ನಮ್ಮ ಸಮಾಧಾನಕ್ಕೆ ಮಾಡ್ಕೊಂಡಿದ್ದು ಅಷ್ಟೇ ಅಲ್ವಾ?' ನಿಜ. ಹಾಗಾಗಿ ಸಂಬಳದ ಮಾತೂ, ವಾರಕ್ಕೊಂದು ರಜೆಯ ಮಾತೂ ಆಯಿತು. ಆದರೂ ಪ್ರಶ್ನೆ ಪೂರ್ತಿ ತೀರಲ್ಲ. ನಾನು ಬಗ್ಗದೇ ಇರೋಕೆ ಇನ್ನೊಬ್ಬರು ಬಗ್ಗುತ್ತಾರೆ ಅನ್ನುವ ವ್ಯವಸ್ಥೆಯನ್ನು ನಾಲ್ಕಿಂಚು ಎತ್ತರದ ಸಿಂಕ್ ಸರಿ ಮಾಡಲ್ಲ. ಡಿಶ್‌ವಾಷರ್ ತಗೊಂಡರೆ ಬಗ್ಗೋದು ತಪ್ಪುತ್ತೆ, ಅದರ ಜೊತೆ ಅವರ ಮಗಳ ಕಾಲೇಜ್ ಫೀಸಿನ ಒಂದು ಪಾಲೂ ತಪ್ಪುತ್ತೆ. ಇದಕ್ಕೆ ಅಡುಗೆಮನೆಯ ಡ್ರಾಯಿಂಗಲ್ಲಿ ಉತ್ತರ ಇಲ್ಲ.

ಆದರೆ ದೊಡ್ಡ ಅನ್ಯಾಯ ಒಂದೇ ಸಲ ಸರಿಹೋಗಲ್ಲ ಅಂತ ದಿನಾ ನಡೆಯುವ ಸಣ್ಣದನ್ನು ಬಿಟ್ಟುಬಿಡಬೇಕಾ? 1974ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಅಂತ ಒಂದು ಕೇಂದ್ರ ಶುರು ಮಾಡಿದರು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಸೌದೆ ಕಮ್ಮಿ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತೆ. ಆ ಒಲೆ ಹಳ್ಳಿಯ ಹೆಂಗಸರ ಬಡತನ ನೀಗಿಸಲಿಲ್ಲ, ಗಂಡಸರನ್ನು ಒಲೆ ಮುಂದೆ ಕೂರಿಸಲೂ ಇಲ್ಲ. ಆದರೆ ಒಲೆ ಊದುವವಳ ಕಣ್ಣು, ಶ್ವಾಸಕೋಶ ದೇಶದ ಮೇಲ್ಮಟ್ಟದ ವಿಜ್ಞಾನಿಗಳು ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಅಂತ ಅದು ಒಪ್ಪಿಕೊಂಡಿತು. ಆ ಒಪ್ಪಿಗೆಯಿಂದಲೇ ಮುಂದಿನದು ಶುರುವಾಗೋದು. ಕಾಣದ ವ್ಯಕ್ತಿಗೆ ಯಾರೂ ಸಂಬಳ ಜಾಸ್ತಿ ಮಾಡಲ್ಲ.

ಮನೆ ಬಾಡಿಗೆದು, ಕಟ್ಟೆ ಮುಟ್ಟೋಕೆ ಓನರ್ ಬಿಡಲ್ಲ ಅನ್ನೋರಿಗೂ ಮಾಡೋಕೆ ಕೆಲಸ ಇದೆ. ದಪ್ಪ ಮಣೆ ಒಂದು, ಕುಳ್ಳಗಿರೋರಿಗೆ ಕಾಲಡಿ ಅಲುಗಾಡದ ಹಲಗೆ ಒಂದು, ಗಾಜಿನ ಡಬ್ಬಗಳು, ಯುಟಿಲಿಟಿಗೆ ಒಂದು ಎಲ್‌ಇಡಿ ಬಲ್ಬು. ಸ್ವಂತ ಮನೆ ಮಾಡಿಸ್ತಾ ಇರೋರು ಡಿಸೈನರ್‌ಗೆ ಫೋನ್ ಮಾಡುವ ಮುಂಚೆ ಒಂದು ಟೇಪ್ ಹಿಡಿದು ಮನೆಯಲ್ಲಿರೋ ಎಲ್ಲರ ಮೊಣಕೈ ಎತ್ತರ ಅಳೆದು ಬರ್ಕೊಳ್ಳಿ. ಅಡುಗೆ ಮಾಡದವರದನ್ನೂ ಅಳೆಯಿರಿ. ಮುಖ್ಯವಾಗಿ ಅವರದನ್ನೇ. ಪಾತ್ರೆ ತೊಳೆಯೋರದನ್ನು ಮರೀಬೇಡಿ.

ಅಂದ ಹಾಗೆ, ಅತ್ತೆ ಈಗ ವಾರದಲ್ಲಿ ಮೂರೋ ನಾಲ್ಕೋ ದಿನ ಅಡುಗೆ ಮಾಡ್ತಾರೆ. ಉಳಿದ ದಿನ ಮಡಚುವ ಹಲಗೆ ಮುಂದೆ ಕುರ್ಚಿ ಹಾಕಿ ಕೂತು, ಮಗ ಉಪ್ಪಿಟ್ಟಿಗೆ ರವೆ ಸರಿಯಾಗಿ ಹುರಿದಿಲ್ಲ ಅಂತ ಹೇಳ್ತಾ ಇರ್ತಾರೆ. ಅವನೂ ಉತ್ತರ ಕೊಡ್ತಾನೆ. ಇಬ್ಬರಿಗೂ ಜಾಗ ಇದೆ.